ಸೋಮಿಬಾಯಿ ಅಂಗಳದಾಗ ಅನ್ನಬಾರದ ಮಾತು

ನಮ್ಮ ತಾಂಡಾದ ಸೋಮಿಬಾಯಿ ಕೈಗುಣ ಸುತ್ತ ಹತ್ತೂರಿಗೆ ಗೊತ್ತು. ಮೊಣಕಾಲು ಬಾತವರು ಮುಂಡಗೋಡದಿಂದ ಬರ್ತಾರ, ಹಳಿಯಾಳದಿಂದ ಬರ್ತಾರ, ಟಿಬೆಟನ್ ಕಾಲೊನಿಯ ಲಾಮಾಗಳೂ ಕುಂಟಿಕೋತ ಬರ್ತಾರ. ಲಕ್ಕಿ ಸೊಪ್ಪು ಔಡಲೆಣ್ಣ್ಯಾಗ ಬಾಡಿಸಿ ಬಿಸಿಬಿಸಿ ಕಟ್ಟಿದಳಂದ್ರ ಬಾವು ಇಳೀಲೇಬೇಕು. ಆದ್ರ ಔಷಧ ತಗೊಂಡವರು ಹೋಗುವಾಗ ‘ಬರ್ತೇನಿ’ ಅನ್ನಂಗಿಲ್ಲ. ಅಂದ್ರ ಹೋದ ರೋಗ ತಿರುಗಿ ಬರ್ತೈತಂತ. ಬಾಯಿ ಮುಚ್ಚಿಕೊಂಡು, ಹಿಂದ ನೋಡದ ಹೋಗಬೇಕು.

ನೀವ ವಿಚಾರ ಮಾಡ್ರಿ. ಗಂಡ ಸತ್ತಾನ, ಮಕ್ಕಳಿಲ್ಲ. ಅಂಗಳ ತುಂಬ ಮಂದಿ, ಒಬ್ಬರೂ ‘ಬರ್ತೇನಿ’ ಅನ್ನೂದಿಲ್ಲ. ಬ್ಯಾನಿ ಇಳಿದ ಮ್ಯಾಲ ಈ ಕಡೆ ಯಾರ ಹಾಯತಾರ? ಬಾಜೂ ಮನಿಯಾಕಿ ನಾನು, ತುಳಜಾ. ಹೊಲದಿಂದ ಬಂದು ರೊಟ್ಟಿ ಬಡೀಲೋ, ಆಕಿ ಜೋಡಿ ಕುಂದರಲೋ?

ಹೋದ ವರ್ಷ ನಿಲೋಫರ ಬಂದಳು. ಮುಂಡಗೋಡದಾಗ ಗ್ಯಾರೇಜ್ ಇಟ್ಟ ಖಾಜಾಸಾಬನ ಮಗಳು, ಧಾರವಾಡದಾಗ ಲಕ್ಕಿ ಎಲಿ ಮ್ಯಾಲ ಪಿಎಚ್‌ಡಿ ಮಾಡಾಕಿ. ಬಾವು ಇಳಿಸೂ ಅಂಶ ಎಲಿಯೊಳಗ ಯಾವುದೈತಿ ಅಂತ ಬ್ಯಾರೆ ಮಾಡಿ ತಗೀಬೇಕಂತ.

“ಯಾಡಿ, ಎಲಿ ಸಾರ ಕೊಟ್ಟ್ವಿ, ಇಲಿ ಕಾಲಿನ ಬಾವು ಇಳೀತು” ಅಂದ್ಲು ಒಂದಿನ. ಯಾಡಿ ಅಂದ್ರ ನಮ್ಮ ಲಂಬಾಣಿ ಮಾತಿನಾಗ ಅವ್ವ.

“ಪಾಪ, ಇಲಿ ಕಾಲು ಯಾಕ ಬಾತಿತ್ತು?” ಸೋಮಿಬಾಯಿ ಕೇಳಿದಳು.

“ನಾವ ಬಾಯೂಹಂಗ ಮಾಡಿದ್ವಿ.”

“ಅಯ್ಯ ನಿನ್ನ! ಇಷ್ಟು ಸಾಲಿ ಕಲಿತು ಇದನ್ನ ಮಾಡ್ತೀಯೇನ?”

ಇಬ್ಬರೂ ನಕ್ಕಿದ್ದು ನಮ್ಮ ಮನೀತನಕ ಕೇಳಿತು. ಹೋಗುವಾಗ ಆ ಹುಡುಗಿ ದಾರಿಯಿಂದ ಹೊಳ್ಳಿ ನೋಡಿ “ಬರ್ತೇನಿ ಯಾಡೀ” ಅಂತ ಕೂಗೂದು. ಅವತ್ತ ಸೋಮಿಬಾಯಿ ರೊಟ್ಟಿ ಒಂದು ಹೆಚ್ಚಿಗಿ ತಿಂತಿದ್ಲು, ನಾ ಕಂಡೇನಿ.

ಮೊನ್ನೆ ನಿಲೋಫರ, ಎಲಿ ಒಯ್ಯೂದು ಇದ ಕಡೀ ಸರ್ತಿ ಅಂತ ಫೋನ್ ಮಾಡಿದ್ಲು. ಆಕಿ ಬರೂ ದಿನ ಮುಂಜಾನಿಯಿಂದ ಸೋಮಿಬಾಯಿದು ಒಂದ ಜಪ. “ತುಳಜಾ, ಕೆಲಸ ಮುಗಿದ ಮ್ಯಾಲೂ ಬರ್ತಾಳೇನ?”

“ಹೋಗುವಾಗ ‘ಬರ್ತೇನಿ’ ಅಂದ್ರ ಬರ್ತಾಳ ತಗೋ” ಅಂದೆ.

ನಿಲೋಫರ ಬಂದು ಚೀಲಕ್ಕ ಎಲಿ ತುಂಬಿಕೊಂಡಳು. ಸೋಮಿಬಾಯಿ ಒಳಗ ಸೊಪ್ಪು ಬಾಡಿಸುವಾಗ, ಅಂಗಳದಾಗ ಬಾತ ಕಾಲು ಚಾಚಿ ಕುಂತಿದ್ದ ಅಂದಾನೆಪ್ಪ, ಯಾರೂ ಕೇಳದಿದ್ರೂ ಬುದ್ಧಿ ಹೇಳೂ ಗಿರಾಕಿ ಅಂವಾ, ಆಕೀನ್ನ ಮಾತಿಗೆಳದ. “ಈ ಅಂಗಳದಾಗ ‘ಬರ್ತೇನಿ’ ಅಂತ ಕೂಗ್ತೀಯಂತಲ್ಲ ತಂಗಿ? ಔಷಧದ ಗುಣ ಕೆಡಸ್ತಿ. ಮುದುಕಿಗೆ ಕೆಟ್ಟ ಹೆಸರು ಬರ್ತೈತಿ.” ಹುಡುಗಿ ಮಾರಿ ಸಣ್ಣದಾತು.

ಸೋಮಿಬಾಯಿ ಹೊರಗ ಬಂದಳು. ನಿಲೋಫರ ಆಕೀ ಎರಡೂ ಕೈ ಹಿಡಕೊಂಡಳು, ಕಣ್ಣಾಗ ನೀರು. ಎಲಿ ಚೀಲ ಹೆಗಲಿಗೆ ಹಾಕಿದಳು. ತುಟಿ ಬಿಚ್ಚಲಿಲ್ಲ, ಹೊಳ್ಳಿ ನೋಡಲಿಲ್ಲ. ಬಸ್ ಹೋದ ಮ್ಯಾಲೂ ಸೋಮಿಬಾಯಿ ಬಾಗಿಲಾಗ ನಿಂತಿದ್ಲು.

ನನಗ ಸಿಟ್ಟು ನೆತ್ತಿಗೇರಿತು. ಅಂದಾನೆಪ್ಪಗ ಬಾಯಿಗೆ ಬಂದಂಗ ಬೈದೆ. ಆಮ್ಯಾಲ ಆಕೀಗೆ ತಿಳಿಸಿ ಹೇಳಿದೆ, “ಹುಡುಗೀದು ತಪ್ಪಿಲ್ಲ ಯಾಡಿ. ಇಂವನ ಮಾತು ಕೇಳಿ, ನಿನ್ನ ಔಷಧ ಕೆಡಬಾರದಂತ ಸುಮ್ಮನ ಹೋದಳು.”

ಸೋಮಿಬಾಯಿ ದಾರಿ ಕಡೆನ ನೋಡಾಕತ್ತಿದ್ಲು.

“ರೋಗ ಇದ್ದವರು ಹಂಗ ಹೋಗಬೇಕು, ತುಳಜಾ” ಅಂದ್ಲು. “ಆಕೀಗೇನ್ ರೋಗ ಇತ್ತು?”