ಲೆಟ್ಯೂಸ್ ಎಲೆಯ ಊಟ

ಪರದೇಶದ ಈ ಹರ್ಲಿಂಗ್‌ಹ್ಯಾಮ್‌ನ ನಮ್ಮ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಪುಸ್ತಕದ ನೆಪದಲ್ಲಿ ಊಟ ನಡೆಯುತ್ತದೆ. ಪುಸ್ತಕ ಓದದೆ ಬರುವವರುಂಟು, ಹಸಿವಿಲ್ಲದೆ ಬರುವವರಿಲ್ಲ. ಹೋದ ವರ್ಷ ಒಮ್ಮೆ ಕುರ್ದಿಶ್ ಕಾದಂಬರಿಯೊಂದರ ಇಂಗ್ಲಿಷ್ ಅನುವಾದ ಹಿಡಿದೆವು. ಕೊಟ್ಟವಳು ನನ್ನ ಜೊತೆ ಕಾಲೇಜಿನಲ್ಲಿ ಪಾಠ ಮಾಡುವ ಕುರ್ದಿಶ್ ಗೆಳತಿ. ತಾನು ಯಜೀದಿ ಧರ್ಮದವಳೆಂದು ಈ ಊರಲ್ಲಿ ಆಕೆ ಹೇಳಿಕೊಂಡದ್ದು ನನ್ನೊಬ್ಬಳ ಹತ್ತಿರ. ಬಹಳ ಒತ್ತಾಯ ಮಾಡಿದ ಮೇಲೆ, ನಮ್ಮ ಗುಂಪಿನ ಎದುರು ಮಾತಾಡಲು ಒಪ್ಪಿದ್ದಳು. ಬದಲಿಗೆ ನಮ್ಮೂರಿನ ಎಲೆ ಊಟ ಬೇಕೆಂದಿದ್ದಳು.

ಕಾದಂಬರಿಯಲ್ಲೊಂದು ಮುಸ್ಲಿಮರ ಮದುವೆ. ಪಕ್ಕದ ಊರಿನ ಯಜೀದಿಗಳಿಗೂ ಕರೆ ಹೋಗಿರುತ್ತದೆ. ಯಜೀದಿಗಳು ಲೆಟ್ಯೂಸ್ ಸೊಪ್ಪು ಮುಟ್ಟುವುದಿಲ್ಲ, ಅದು ಅವರ ಹಿರಿಯರ ಕಟ್ಟಳೆ. ಗೊತ್ತಿದ್ದೂ ಒಬ್ಬ ಕಿಡಿಗೇಡಿ ಯಜೀದಿ ಮುದುಕನೊಬ್ಬನ ತಟ್ಟೆಗೆ ಆ ಎಲೆ ಹಾಕುತ್ತಾನೆ. ಪಂಕ್ತಿಯೆಲ್ಲ ನಗುತ್ತದೆ. ಮುದುಕನ ಮನೆಯ ಕಿರೀವ್ ಒಬ್ಬನೇ ಎದ್ದು ಬಂದು, ಆ ಎಲೆ ಎತ್ತಿ ತಾನು ತಿನ್ನುತ್ತಾನೆ. ಯಜೀದಿ ಹುಡುಗನ ಸುನ್ನತಿಯಲ್ಲಿ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು, ಅಂದಿನಿಂದ ಆ ಮನೆಯ ಕಷ್ಟಸುಖಕ್ಕೆ ಆಗುವ ಮುಸ್ಲಿಂ ಬಂಧುವಿಗೆ ಕಿರೀವ್ ಅನ್ನುತ್ತಾರೆ. ಆದರೂ ಆ ಎಲೆಯಿಂದ ಹೊತ್ತಿಕೊಂಡ ಜಗಳ ನಿಲ್ಲುವುದಿಲ್ಲ. ಪುಸ್ತಕ ಮುಗಿಯುವಷ್ಟರಲ್ಲಿ ಯಜೀದಿಗಳ ಊರೇ ಸುಟ್ಟುಹೋಗಿರುತ್ತದೆ.

ವಾರವಿಡೀ ಈ ಕಥೆ ಹೇಳಿಕೊಂಡು ಗಂಡನ ಮುಂದೆ ಅತ್ತಿದ್ದೆ. ಅವರು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತ ಹ್ಞೂಂ ಅಂದಿದ್ದರು, ಅಷ್ಟೇ.

ಭಾನುವಾರ ಗೆಳತಿ ಎಲ್ಲರೆದುರು ತನ್ನ ಧರ್ಮದ ಬಗ್ಗೆ, ಅಜ್ಜಿಯ ಬಗ್ಗೆ ಮಾತಾಡಿದಳು. ಮೊದಮೊದಲು ನಡುಗುತ್ತಿದ್ದ ದನಿ ಆಮೇಲೆ ಗಟ್ಟಿಯಾಯಿತು. ನನಗೋ ಹೆಮ್ಮೆಯೋ ಹೆಮ್ಮೆ. ಅದೇ ಹೆಮ್ಮೆಯಲ್ಲಿ ಎಲ್ಲರನ್ನೂ ಊಟದ ಮೇಜಿಗೆ ಕರೆದೆ.

ಅವತ್ತು ಬಾಳೆಎಲೆ ಎಲ್ಲೂ ಸಿಕ್ಕಿರಲಿಲ್ಲ. ಎಲೆ ಊಟವೆಂದು ಮಾತು ಕೊಟ್ಟಿದ್ದೆನಲ್ಲ, ಅಗಲವಾದ ಹಸಿರು ಎಲೆ ತಂದು ತೊಳೆದು, ತಟ್ಟೆಗೊಂದರಂತೆ ಹಾಸಿದ್ದೆ. ಚಿತ್ರಾನ್ನಕ್ಕೆ ಒಳ್ಳೆಯ ಬಣ್ಣ ಎಂದು ಬೆನ್ನು ತಟ್ಟಿಕೊಂಡಿದ್ದೆ ಬೇರೆ. ಆಕೆ ತಟ್ಟೆ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಾಗಲೇ ನನಗೆ ಹೊಳೆದದ್ದು. ಲೆಟ್ಯೂಸ್! ಕಾದಂಬರಿ ಓದಿ ಬಕೆಟ್ಟುಗಟ್ಟಲೆ ಅತ್ತವಳು ನಾನೇ, ಎಲೆ ಹಾಸಿದವಳೂ ನಾನೇ. ಚಿತ್ರಾನ್ನದ ಸೌಟು ಹಿಡಿದು ಕಲ್ಲಾಗಿ ನಿಂತೆ. ಆಕೆ ಎದ್ದು ಹೋದರೆ ಇನ್ನು ಈ ಮನೆಗೆ ಬರುವುದಿಲ್ಲ ಅನಿಸಿತು.

ನನ್ನ ಗಂಡ ಎದ್ದರು. ಹಸಿ ಸೊಪ್ಪು ಕಂಡರೆ ಮೂಗು ಮುರಿಯುವ ಮನುಷ್ಯ, ಆಕೆಯ ತಟ್ಟೆಯಿಂದ ಎಲೆ ಎತ್ತಿ, ಮಡಚಿ ಬಾಯಿಗೆ ತುರುಕಿಕೊಂಡರು. ಅಗಿಯುತ್ತಲೇ, "ಬೇರೆ ತಟ್ಟೆ ತಗೊಂಡ್ ಬಾರೇ, ಏನ್ ನೋಡ್ತಾ ನಿಂತಿದೀಯ?" ಅಂದರು.

ಆಮೇಲೆ ಮಂಗಳೂರಿನ ಕ್ರಿಶ್ಚಿಯನ್ ಟೀಚರ್ ತಮ್ಮೆಲೆ ಎತ್ತಿಕೊಂಡರು. ಎದುರಿಗಿದ್ದ ಡಾಕ್ಟರು, "ಉಪ್ಪಾದ್ರೂ ಕೊಡ್ರೀ" ಅಂತ ಶುರುಮಾಡಿದರು. ಆಕೆಗೆ ಬೇರೆ ತಟ್ಟೆ ತಂದಿಟ್ಟು ನಾನೂ ತಿಂದೆ. ಮೇಜಿನ ಸುತ್ತ ಮೇಯುತ್ತಿದ್ದ ನಮ್ಮನ್ನು ನೋಡಿ ಆಕೆ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಕಣ್ಣೊರೆಸಿಕೊಂಡು ಆಕೆ ಹೇಳಿದ್ದನ್ನು ನಾನು ಮರೆತಿಲ್ಲ. ಆ ಮದುವೆಯಲ್ಲಿ ಇನ್ನಿಬ್ಬರು ಎದ್ದು ಎಲೆ ತಿಂದಿದ್ದರೆ ಈ ಕಾದಂಬರಿ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ ಅಂದಳು. ಆಮೇಲೆ ಬರೀ ತಟ್ಟೆ ಮುಂದೆ ಚಾಚಿ ಚಿತ್ರಾನ್ನ ಕೇಳಿದಳು.