ಝೊಹರಕ್ಕನ ಮಳೆ ಮಾಸ್ಟ್ರು

ನಮ್ಮ ಕಟ್ಟಡದ ಕಾವಲುಗಾರ ಇವತ್ತು ಬೆಳಿಗ್ಗೆ ಮೆಟ್ಟಿಲಿಗೆಲ್ಲ ಬ್ಲೀಚು ಸುರಿದು ತೊಳೆದ. ಬಾಗಿಲ ಸಂದಿಯಿಂದ ಆ ವಾಸನೆ ಒಳಗೆ ಬಂದದ್ದೇ ತಡ, ನಾನು ಹಿಟ್ಟು ಕಲಸುತ್ತಿದ್ದ ಕೈಯಲ್ಲೇ ಓಡಿಹೋಗಿ ಕಿಟಕಿಗಳನ್ನೆಲ್ಲ ತೆರೆದೆ. ರಿಯಾದಿನಲ್ಲಿ ಕಿಟಕಿ ತೆರೆಯುವುದೆಂದರೆ ಧೂಳನ್ನು ಊಟಕ್ಕೆ ಕರೆದ ಹಾಗೆ. ಹತ್ತೇ ನಿಮಿಷದಲ್ಲಿ ಸೋಫಾ, ಟೀವಿ, ಮಡಚಿಟ್ಟ ಬಟ್ಟೆ ಎಲ್ಲದರ ಮೇಲೂ ನಸುಗೆಂಪು ಪುಡಿ ಕುಳಿತಿತ್ತು. "ಅಮ್ಮಾ, ಇಟ್ಸ್ ಜಸ್ಟ್ ಬ್ಲೀಚ್," ಎಂದಳು ಮಗಳು, ಮೊಬೈಲಿನಿಂದ ಕಣ್ಣೆತ್ತದೆ. ಹೌದು, ಬರೇ ಬ್ಲೀಚು. ಆದರೂ ಆ ವಾಸನೆ ಬಂದರೆ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಹನ್ನೊಂದು ವರ್ಷ ಹಿಂದಕ್ಕೆ, ಇದೇ ಊರಿನ ಮಲಾಜ್ ಬಡಾವಣೆಯ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಗೆ ಕರೆದೊಯ್ಯಬೇಕು.

ಆಗ ನಾನು ಉಡುಪಿಯಿಂದ ಬಂದು ಎರಡು ವರ್ಷವಾಗಿತ್ತು. ರಸಾಯನಶಾಸ್ತ್ರದಲ್ಲಿ ಬಿಎಸ್ಸಿ, ಅದೂ ಪ್ರಥಮ ದರ್ಜೆ. ಇಕಾಮಾ ಎಂಬ ಇಲ್ಲಿಯ ವಾಸದ ಪರವಾನಗಿಯಲ್ಲಿ ಮಾತ್ರ ನಾನು ಗಂಡನ ಅವಲಂಬಿತೆ, ಕೆಲಸ ಮಾಡುವಂತಿಲ್ಲ. ಗಂಡ ಏಳಕ್ಕೆ ಆಫೀಸಿಗೆ ಹೊರಟರೆ ಬರುವುದು ಸಂಜೆ. ಮಗಳಿನ್ನೂ ಹುಟ್ಟಿರಲಿಲ್ಲ. ಒಬ್ಬಳೇ ಹೊರಗೆ ಹೋಗಿ ರೂಢಿಯಿರಲಿಲ್ಲ, ಹೋದರೂ ಎಲ್ಲಿಗೆಂದು ತಿಳಿದಿರಲಿಲ್ಲ. ಅಡುಗೆಮನೆಯಿಂದ ಮಲಗುವ ಕೋಣೆಗೆ, ಅಲ್ಲಿಂದ ಹಜಾರಕ್ಕೆ, ಮತ್ತೆ ಅಡುಗೆಮನೆಗೆ ಸುಮ್ಮನೆ ನಡೆಯುತ್ತಿದ್ದೆ. ಫೋನಿನಲ್ಲಿ ಅಮ್ಮ "ಎಂತ ಮಾಡ್ತಿದ್ದಿ?" ಎಂದರೆ "ವಾಕಿಂಗ್" ಅನ್ನುತ್ತಿದ್ದೆ. ಅವರಿಗೆ ಸಂತೋಷ, ಮಗಳು ಆರೋಗ್ಯ ನೋಡಿಕೊಳ್ಳುತ್ತಿದ್ದಾಳೆಂದು.

ಒಂದು ದಿನ ಹತ್ತು ಗಂಟೆಯ ಹೊತ್ತಿಗೆ ಎದುರುಮನೆಯಿಂದ ಕೆಮ್ಮು ಕೇಳಿಸಿತು. ಸಾಮಾನ್ಯ ಕೆಮ್ಮಲ್ಲ, ಉಸಿರು ಸಿಕ್ಕಿಹಾಕಿಕೊಂಡವರ ಕೆಮ್ಮು. ಬಾಗಿಲು ತೆರೆದರೆ ಮೆಟ್ಟಿಲ ಮೇಲೆಲ್ಲ ಕಾಲೇಜಿನ ಪ್ರಯೋಗಶಾಲೆಯ ಘಾಟು: ಕ್ಲೋರಿನ್! ಎದುರು ಬಾಗಿಲು ಬಡಿದೆ. ತೆರೆದ ಹೆಂಗಸಿನ ಕಣ್ಣು ಮೂಗೆಲ್ಲ ನೀರು. ಕೈ ಹಿಡಿದು ಎಳೆದರೆ ಹೊಸ್ತಿಲಲ್ಲಿ ತಡೆದು ನಿಂತರು. ತಲೆಯ ಮೇಲೆ ಬಟ್ಟೆಯಿಲ್ಲ, ಹೇಗೆ ಹೊರಗೆ ಬರುವುದು? ನನ್ನ ದುಪಟ್ಟಾ ತೆಗೆದು ಅವರ ತಲೆಗೆ ಹಾಕಿ, ಟೆರೇಸಿಗೆ ಎಳೆದುಕೊಂಡು ಹೋದೆ. ಬಚ್ಚಲಿನ ಕಲೆ ಹೋಗುತ್ತಿಲ್ಲವೆಂದು ಅವರು ಬ್ಲೀಚು ಸುರಿದಿದ್ದರು, ಅದರ ಮೇಲೆ ಕಕ್ಕಸು ತೊಳೆಯುವ ಆ್ಯಸಿಡ್ಡನ್ನೂ ಸುರಿದಿದ್ದರು.

ಅರ್ಧ ಗಂಟೆ ಗಾಳಿಯಲ್ಲಿ ಕುಳಿತು, ಉಸಿರು ನೆಟ್ಟಗಾದ ಮೇಲೆ ಅವರು ಆಡಿದ ಮೊದಲ ಮಾತು ಥ್ಯಾಂಕ್ಸ್ ಅಲ್ಲ.

"ಎರಡೂ ಕ್ಲೀನ್ ಮಾಡುವಂಥದ್ದೇ ಅಲ್ವಾ? ಒಟ್ಟಿಗೆ ಹಾಕಿದ್ರೆ ವಿಷ ಎಲ್ಲಿಂದ ಬಂತು?"

ಅವರೇ ಝೊಹರಕ್ಕ. ಪುತ್ತೂರಿನ ಕಡೆಯ ಬ್ಯಾರಿ ಮನೆತನದವರು, ನನಗಿಂತ ಒಂಬತ್ತು ವರ್ಷ ದೊಡ್ಡವರು. ಗಂಡ ಖರ್ಜೂರದ ಗೋದಾಮಿನಲ್ಲಿ ಸೂಪರ್‌ವೈಸರ್. ಮೂರು ಮಕ್ಕಳು ಇಂಡಿಯನ್ ಸ್ಕೂಲಿಗೆ ಹೋಗುತ್ತಿದ್ದರು. ಒಂಬತ್ತನೆಯ ತರಗತಿಯಲ್ಲಿ ಮದುವೆಯಾಗಿ ಓದು ನಿಂತಿತ್ತು. ಮನೆಯಲ್ಲಿ ಕೂತು ಓದಿ ಹತ್ತನೆಯದರ ಪರೀಕ್ಷೆ ಬರೆಯಬಹುದೆಂದು ಯಾರೋ ಹೇಳಿದಂದಿನಿಂದ ಅದೇ ಗುಂಗು. "ಮಕ್ಕಳಿಗೆ ಹೇಳಿದ್ರೆ ನಗ್ತಾರೆ. ನೀವು ಹೇಳಿ ಕೊಡ್ತೀರಾ ಟೀಚರ್?" ಎಂದರು. ಜೀವನದಲ್ಲಿ ನನ್ನನ್ನು ಟೀಚರ್ ಎಂದು ಕರೆದ ಮೊದಲಿಗರು ಅವರೇ. ನಾನು ಆ ಒಂದು ಶಬ್ದಕ್ಕೆ ಬಿದ್ದೆ.

ಹೀಗೆ ದಿನವೂ ಹತ್ತರಿಂದ ಹನ್ನೆರಡರ ತನಕ ನಮ್ಮ ಪಾಠ. ವಿಜ್ಞಾನಿಗಳ ಹೆಸರು ಝೊಹರಕ್ಕನ ನಾಲಿಗೆಗೆ ಒಗ್ಗುತ್ತಿರಲಿಲ್ಲ, ಅದಕ್ಕೆ ಅವರೇ ಹೆಸರಿಟ್ಟರು. ಪದಾರ್ಥವೆಲ್ಲ ಪರಮಾಣುಗಳಿಂದಾಗಿದೆ ಎಂದು ತೂಕದ ಲೆಕ್ಕದಿಂದ ವಾದಿಸಿದ ಇಂಗ್ಲೆಂಡಿನ ಒಬ್ಬ ಮೇಷ್ಟ್ರು ದಿನವೂ ಮಳೆ ಗಾಳಿಯ ವಿವರ ಬರೆದಿಡುತ್ತಿದ್ದನೆಂದು ಹೇಳಿದ್ದೆ. ಅವನು "ಮಳೆ ಮಾಸ್ಟ್ರು" ಆದ. ಮಳೆಯನ್ನೇ ಅಪರೂಪಕ್ಕೆ ನೋಡುವ ಊರಿನಲ್ಲಿ ಕೂತು ನಾವು ಮಳೆ ಮಾಸ್ಟ್ರ ಬಗ್ಗೆ ಗಂಟೆಗಟ್ಟಲೆ ಮಾತಾಡಿದೆವು. ಧಾತುಗಳನ್ನು ಸಾಲಾಗಿ ಜೋಡಿಸಿ, ಸಿಗದವಕ್ಕೆ ಖಾಲಿ ಜಾಗ ಬಿಟ್ಟ ರಷ್ಯಾದವನು "ಗಡ್ಡದ ಅಜ್ಜ." "ಬರುವವರಿಗೆ ಬಟ್ಟಲು ಇಟ್ಟು ಕಾದ ಹಾಗೆ ಅಲ್ವಾ?" ಎಂದರು. ಅಲ್ಕಲಿ, ಆಲ್ಕೋಹಾಲ್ ಎಲ್ಲ ಅರಬ್ಬಿಯಿಂದ ಬಂದ ಶಬ್ದಗಳೆಂದೂ, ಕಣ್ಣಿಗೆ ಹಚ್ಚುವ ಕಪ್ಪಿನ ಹೆಸರೇ ಆಲ್ಕೋಹಾಲಿಗೆ ಬಂತೆಂದೂ ಹೇಳಿದಾಗ ಅವರು ತಮ್ಮ ಸುರ್ಮಾ ಹಚ್ಚಿದ ಕಣ್ಣು ಮುಟ್ಟಿಕೊಂಡು, "ಅಲ್ಲಾ, ಇದನ್ನು ಇವರಿಗೆ ಹೇಳ್ಬೇಡಿ ಮಾರಾಯ್ರೆ!" ಎಂದು ಬಿದ್ದು ಬಿದ್ದು ನಕ್ಕರು.

ಪರಮಾಣುವನ್ನು ಕಣ್ಣಿನಿಂದ ನೋಡದೆ ಮಳೆ ಮಾಸ್ಟ್ರು ಅದು ಇದೆಯೆಂದು ಹೇಗೆ ಹೇಳಿದ ಎಂಬುದು ಅವರನ್ನು ಒಂದು ವಾರ ಕಾಡಿತು. ನಾನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ನಿಯಮವನ್ನು ಒಪ್ಪಿಸಿದೆ. ಎರಡು ಧಾತುಗಳು ಬೇರೆ ಬೇರೆ ವಸ್ತುಗಳಾಗಿ ಸೇರುವಾಗ, ಒಂದರ ತೂಕ ಅಷ್ಟೇ ಇದ್ದರೆ ಇನ್ನೊಂದರದ್ದು ಒಂದಕ್ಕೆರಡು, ಒಂದಕ್ಕೆ ಮೂರು, ಹೀಗೆ ಸರಳ ಲೆಕ್ಕದಲ್ಲೇ ಇರುತ್ತದೆ. ಅವರು ತಲೆಯಲ್ಲಾಡಿಸಿದರು, ಅರ್ಥವಾಗಲಿಲ್ಲವೆಂದು ನನಗೆ ಗೊತ್ತಾಯಿತು.

ಮರುದಿನ ಬಾಗಿಲು ತೆರೆದವರೇ ನನ್ನ ಕೈ ಹಿಡಿದು ಒಳಗೆಳೆದುಕೊಂಡರು. ಹಜಾರದಲ್ಲಿ ಅವರ ಗಂಡ ಊರಿಗೆ ಕಳಿಸಲೆಂದು ತಂದಿಟ್ಟ ಖರ್ಜೂರದ ಚೀಲಗಳಿದ್ದವು, ಬಾಯಿ ಹೊಲಿದಿತ್ತು. ವಿಮಾನದ ಸಾಮಾನು ತೂಗುವ ಕೈತಕ್ಕಡಿಯಲ್ಲಿ ಒಂದೊಂದನ್ನೇ ಎತ್ತಿ ತೋರಿಸಿದರು. "ನೋಡಿ, ಇದು ನಾಲ್ಕು ಕಿಲೋ. ಇದು ಆರು. ಇದು ಎರಡು. ಅದು ಪುನಃ ಆರು. ಮೂರು ಇಲ್ಲ, ಐದು ಇಲ್ಲ. ಹಾಗಾದ್ರೆ ಒಳಗೆ ಎಂತ ಉಂಟು?"

"ಎರಡೆರಡು ಕಿಲೋದ ಪೊಟ್ಟಣ," ಎಂದೆ.

"ಬಿಚ್ಚಿ ನೋಡ್ಲಿಕ್ಕೆ ಉಂಟಾ?"

ನಾನು ತಕ್ಕಡಿ ನೋಡುತ್ತ ನಿಂತೆ. ಮೂರು ವರ್ಷ ಕಾಲೇಜಿಗೆ ಹೋಗಿ ಅಂಕ ತೆಗೆದ ನಿಯಮ ನನಗೆ ಅರ್ಥವಾದದ್ದು ಆ ಗಳಿಗೆಯಲ್ಲಿ. ಖುಷಿಯಾಗಬೇಕಿತ್ತು. ಆಗಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ಮೇಲೆ ಅವರ ಪ್ರಶ್ನೆಗಳು ನನ್ನನ್ನು ಹೆದರಿಸತೊಡಗಿದವು. ಗಾಳಿಯಲ್ಲಿ ಉರಿಯುವುದೆಂದರೇನೆಂದು ತೂಗಿ ತೋರಿಸಿದ ಫ್ರಾನ್ಸಿನ ರಸಾಯನ ವಿಜ್ಞಾನಿಯನ್ನು ಅಲ್ಲಿನ ಕ್ರಾಂತಿಯಲ್ಲಿ ತಲೆ ಕಡಿದು ಕೊಂದರು ಎಂದೆ. ಅವನು "ತಲೆ ಹೋದವ" ಆದ. "ಅವನ ಹೆಂಡತಿ?" ಎಂದು ಕೇಳಿದರು ಝೊಹರಕ್ಕ. ಹೆಂಡತಿಯ ಸುದ್ದಿ ನನ್ನ ಪುಸ್ತಕದಲ್ಲಿರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿದೆ. ಆಕೆ ಗಂಡನಿಗಾಗಿ ಇಂಗ್ಲಿಷ್ ಕಲಿತು ಪುಸ್ತಕಗಳನ್ನು ಅನುವಾದಿಸಿದ್ದಳು. ಅವನ ಉಪಕರಣಗಳ ಚಿತ್ರ ಬರೆದಿದ್ದಳು. ಅವನು ಸತ್ತ ಮೇಲೆ ಅವನ ಬರಹಗಳನ್ನು ಅಚ್ಚು ಹಾಕಿಸಿದ್ದಳು. ಝೊಹರಕ್ಕ ನೋಟ್ ಪುಸ್ತಕ ಮುಚ್ಚಿದರು. "ಅಷ್ಟೂ ಮಾಡಿದವಳ ಹೆಸರು ಪರೀಕ್ಷೆಗೆ ಬರುವುದಿಲ್ವಾ?" ಎಂದರು. ಇಲ್ಲ ಎಂದೆ.

ಇನ್ನೊಂದು ದಿನ: "ಮಳೆ ಮಾಸ್ಟ್ರು ನೀರಲ್ಲಿ ಹೈಡ್ರೋಜನ್ ಒಂದು, ಆಕ್ಸಿಜನ್ ಒಂದು ಅಂತ ಬರೆದಿದ್ದ ಅಂತೆ. ತಪ್ಪು. ಹೈಡ್ರೋಜನ್ ಎರಡು ಅಂತ ಮತ್ತೆ ಯಾರಿಗೆ, ಹೇಗೆ ಗೊತ್ತಾಯ್ತು?"

ನನಗೆ ಗೊತ್ತಿರಲಿಲ್ಲ. "ಅದು ಸಿಲೆಬಸ್ಸಿನಲ್ಲಿಲ್ಲ ಝೊಹರಕ್ಕ," ಎಂದೆ, ಸ್ವಲ್ಪ ಗಡುಸಾಗಿಯೇ. ಆ ಮಧ್ಯಾಹ್ನವೆಲ್ಲ ಮನೆಯೊಳಗೆ ತಿರುಗಿದೆ. ಪ್ರಥಮ ದರ್ಜೆಯವಳು ನಾನು, ಒಂಬತ್ತನೆಯ ಕ್ಲಾಸಿನವರು ಅವರು. ಪ್ರಶ್ನೆ ಹುಟ್ಟುವುದು ಮಾತ್ರ ಅವರ ಮನೆಯಲ್ಲಿ.

ಪರೀಕ್ಷೆಯ ಫಾರಂ ತುಂಬುವ ದಿನ ಬಂತು. ವಿಜ್ಞಾನ ಅಥವಾ ಗೃಹವಿಜ್ಞಾನ, ಎರಡರಲ್ಲೊಂದನ್ನು ಆರಿಸಬೇಕಿತ್ತು. ಅವರು ಪೆನ್ನು ಹಿಡಿದು ನನ್ನ ಮುಖ ನೋಡಿದರು.

"ಗೃಹವಿಜ್ಞಾನ ತೆಗೊಳ್ಳಿ," ಎಂದೆ. "ವಿಜ್ಞಾನದ ಇಂಗ್ಲಿಷು ಗಟ್ಟಿ. ನಿಮಗೆ ಕಷ್ಟ ಆಗ್ತದೆ."

"ನನ್ನಿಂದ ಆಗುದಿಲ್ಲ ಅಂತ ನಿಮಗೆ ಅನ್ನಿಸ್ತದಾ ಟೀಚರ್?"

"ಪಾಸಾಗುವುದು ಮುಖ್ಯ ಅಲ್ವಾ?"

ಅವರು ಗೃಹವಿಜ್ಞಾನಕ್ಕೆ ಗುರುತು ಹಾಕಿ, ಫಾರಂ ಮಡಚಿ, ನನಗೆ ಚಹಾ ತಂದುಕೊಟ್ಟರು. ಇಂಗ್ಲಿಷಿನ ಮಾತು ಸುಳ್ಳಾಗಿರಲಿಲ್ಲ. ಆದರೆ ನಾನು ಹಾಗೆಂದದ್ದು ಇಂಗ್ಲಿಷಿಗಾಗಿ ಅಲ್ಲ. ಅವರು ನನ್ನನ್ನು ದಾಟಿ ಹೋಗುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಇವತ್ತಿನವರೆಗೆ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಅವರು ಪಾಸಾದರು. ಅಷ್ಟರಲ್ಲಿ ಅವರ ಗಂಡನಿಗೆ ಬುರೈದಾ ಎಂಬ ದೂರದ ಊರಿನ ಖರ್ಜೂರ ಮಾರುಕಟ್ಟೆಯಲ್ಲಿ ಕೆಲಸವಾಗಿ ಮನೆ ಖಾಲಿ ಮಾಡಿದರು. ಮೊದಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೊಮ್ಮೆ. ನನಗೆ ಮಗಳಾದಳು, ನಾವೂ ಮಲಾಜ್ ಬಿಟ್ಟೆವು. ನಿಜ ಹೇಳಬೇಕೆಂದರೆ, ಫೋನು ಕಡಿಮೆಯಾದದ್ದಕ್ಕೆ ನನಗೆ ಒಳಗೊಳಗೇ ನಿರಾಳವಾಗಿತ್ತು.

ಇವತ್ತು ಕಿಟಕಿಗಳನ್ನು ಮುಚ್ಚಿ, ಧೂಳು ಒರೆಸಿ, ಇನ್ನೂ ಸಮಾಧಾನವಾಗದೆ ಆ ಹಳೆಯ ನಂಬರಿಗೆ ಕರೆ ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು.

"ಟೀಚರಾ! ಎಂತ ಮಾರಾಯ್ರೆ, ಬದುಕಿದ್ದೀರಾ?"

ಕ್ಷೇಮ ಸಮಾಚಾರ ಮುಗಿಯುವ ಮೊದಲೇ ನಾನು ಫಾರಂ ವಿಷಯ ತೆಗೆದೆ. ತಡವರಿಸುತ್ತ ಎಲ್ಲ ಹೇಳಿದೆ. ಹೊಟ್ಟೆಕಿಚ್ಚು ಎಂಬ ಶಬ್ದವನ್ನೂ ಬಳಸಿದೆ.

"ಗೊತ್ತಿತ್ತು," ಎಂದರು ಝೊಹರಕ್ಕ. "ನಿಮ್ಮ ಮುಖದಲ್ಲಿ ಕಾಣ್ತಿತ್ತು. ನಾನು ಆ ದಿನ ಕೂಗಿದ್ದೇನೆ ಟೀಚರ್. ಇವರು ಕಣ್ಣೀರು ಎಂತಕ್ಕೆ ಅಂತ ಕೇಳಿದ್ರು, ಈರುಳ್ಳಿ ಅಂದೆ."

ನಾನು ಧೂಳು ಒರೆಸಿದ ಬಟ್ಟೆಯನ್ನು ಮಡಚಿ, ಮತ್ತೆ ಬಿಚ್ಚಿದೆ.

"ಮತ್ತೆ ಇಲ್ಲಿ ಬಂದು ವಿಜ್ಞಾನ ಬೇರೆಯೇ ಕಟ್ಟಿದೆ. ಪರೀಕ್ಷೆಗೆ ರಿಯಾದಿಗೇ ಬರ್ಬೇಕಿತ್ತು. ಎರಡು ಸಲ ಫೇಲು, ಮೂರನೇ ಸಲ ಪಾಸು. ಆಮೇಲೆ ಹನ್ನೆರಡನೇದ್ದೂ ಆಯ್ತು. ಕೆಮಿಸ್ಟ್ರಿ ತೆಗೊಂಡೇ."

"ರಿಯಾದಿಗೆ ಬಂದಿದ್ರಾ? ನನಗ್ಯಾಕೆ ಹೇಳ್ಲಿಲ್ಲ?"

"ಫೇಲಾದ್ರೆ ನೀವು ಹೇಳಿದ್ದು ಸರಿ ಅಂತ ಆಗ್ತಿತ್ತಲ್ಲ? ಪಾಸಾದ ಮೇಲೆ ಹೇಳುವಾ ಅಂತ ಇದ್ದೆ. ಆಗ ನಿಮ್ಮ ಫೋನೇ ನಿಂತಿತ್ತು." ಆಮೇಲೆ ದನಿ ಬದಲಾಯಿತು, ಹಳೆಯ ಹತ್ತು ಗಂಟೆಯ ದನಿ. "ಅದು ಬಿಡಿ. ನೀರಿನ ಲೆಕ್ಕ ಸರಿ ಮಾಡಿದ್ದು ಯಾರು ಗೊತ್ತಾ? ಇಟಲಿಯ ಒಬ್ಬ. ಕಾನೂನು ಓದಿದವ. ಯಾವ ಅನಿಲ ಆದ್ರೂ ಒಂದೇ ಅಳತೆಯಲ್ಲಿ ಕಣಗಳ ಲೆಕ್ಕವೂ ಒಂದೇ ಅಂತ ಹೇಳಿದ. ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ಸೇರಿದ್ರೆ ನೀರು. ಆದ್ರೆ ಯಾರೂ ಅವನ ಮಾತು ಹಿಡಿಯಲಿಲ್ಲ, ಮಳೆ ಮಾಸ್ಟ್ರೂ ಒಪ್ಪಲಿಲ್ಲ! ಪಾಪ, ಸತ್ತ ಮೇಲೆ ಕೇಸು ಗೆದ್ದ ವಕೀಲ."

ನಾನು ನಕ್ಕೆ. ನಗುತ್ತ ನಗುತ್ತ ಅಳು ಬಂತು. ಅವರು ಅದು ಮುಗಿಯುವ ತನಕ ಕಾದರು, ಸಮಾಧಾನ ಹೇಳಲಿಲ್ಲ.

"ನೀವೀಗ ಎಂತ ಓದ್ತಾ ಇದ್ದೀರಿ ಟೀಚರ್?"

"ನಾನಾ? ಏನೂ ಇಲ್ಲ."

"ಹನ್ನೊಂದು ವರ್ಷ?"

ಆ ಪ್ರಶ್ನೆಗೆ ಏನು ಹೇಳುತ್ತೀರಿ ನೀವು? ಅಡುಗೆ, ಮಗಳ ಸ್ಕೂಲು, ಊರಿಗೆ ಹೋದದ್ದು ಬಂದದ್ದು, ಎಲ್ಲ ನಾಲಿಗೆಯ ತುದಿಗೆ ಬಂದವು.

"ಬರುವ ಶನಿವಾರ ರೈಲು ಹತ್ತಿ ಬನ್ನಿ," ಎಂದರು ಝೊಹರಕ್ಕ. "ನನ್ನ ಹತ್ತಿರ ಇಲ್ಲಿಯ ನಾಲ್ಕು ಹೆಂಗಸರು ಹತ್ತನೇದಕ್ಕೆ ಓದ್ತಾರೆ. ಒಬ್ಬಳು ಕೇಳ್ತಾಳೆ, ಪರಮಾಣುವಿನ ಒಳಗೆ ಹೆಚ್ಚಿನದೆಲ್ಲ ಖಾಲಿ ಅಂತಾದ್ರೆ ಗೋಡೆಗೆ ಕೈ ಹಾಕಿದ್ರೆ ಯಾಕೆ ಒಳಗೆ ಹೋಗುದಿಲ್ಲ ಅಂತ. ನಾನು ಓದಿದ್ದು ಸಾಕಾಗುದಿಲ್ಲ ಅದಕ್ಕೆ. ನಿಮಗೆ ಗೊತ್ತುಂಟಾ?"

"ಗೊತ್ತಿಲ್ಲ," ಎಂದೆ.

"ಹಾಗಾದ್ರೆ ಓದಿಕೊಂಡು ಬನ್ನಿ. ಯಲ್ಲಾ, ಹೊರಟೆ, ನನಗೆ ಕ್ಲಾಸಿಗೆ ಹೊತ್ತಾಯ್ತು," ಎಂದು ಫೋನಿಟ್ಟರು.

ಗಂಡನಿಗೆ ಮೆಸೇಜು ಹಾಕಿದ್ದೇನೆ, ಶನಿವಾರ ನಾನು ಬುರೈದಾಕ್ಕೆ ಹೋಗುತ್ತೇನೆ, ಒಬ್ಬಳೇ, ಎಂದು. ಮಗಳ ಲ್ಯಾಪ್‌ಟಾಪ್ ಕೇಳಿ ಪಡೆದಿದ್ದೇನೆ. ಇದನ್ನು ಬರೆಯುತ್ತ ಎರಡು ಸಲ ಎದ್ದು ಹೋಗಿ ಹಜಾರದ ಗೋಡೆಯ ಮೇಲೆ ಅಂಗೈಯಿಟ್ಟು ಒತ್ತಿ ನೋಡಿದೆ. ಶನಿವಾರಕ್ಕೆ ಇನ್ನು ನಾಲ್ಕೇ ದಿನ.