ಗಾಳಿಹಡಗಿಗೆ ನಾನು ಹಾಕಿದ ಕೆಂಪು ದಾರ

ಆ ಗಾಳಿಹಡಗು ಬಿದ್ದದ್ದು ನನ್ನ ಸೂಜಿಯಿಂದ. ಬಿರುಗಾಳಿಯಿಂದ ಅಲ್ಲ, ಜಾಲಿ ಮುಳ್ಳಿನಿಂದ ಅಲ್ಲ, ಸುಶೀಲಾಳ ಅಂಟಿನಿಂದಂತೂ ಅಲ್ಲವೇ ಅಲ್ಲ. ಸೂಜಿ ನನ್ನದು. ಆದರೆ ಅದನ್ನು ತಡೆಯಬೇಕಾದ ಇಬ್ಬರು ಗಂಡಸರು, ಒಬ್ಬ ಮಾಲೀಕ, ಒಬ್ಬ ಇಂಜಿನಿಯರ್, ನೋಡಿಯೂ ಸುಮ್ಮನಿದ್ದರು. ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ಬರೆಯುತ್ತಲೂ ಇಲ್ಲ.

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಸೋಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಕಾರಖಾನೆಯಲ್ಲಿ ಚೆಕರ್. ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಓದು ಮುಗಿಸಿದವಳು. ಕೆಲಸಕ್ಕೆ ಸೇರಿದಾಗ ಮಗ ಮಡಿಲಲ್ಲಿದ್ದ. ಈಗ ಅವನ ಮಗಳು ಕಾಲೇಜಿಗೆ ಹೋಗುತ್ತಾಳೆ. ಅಷ್ಟೂ ವರ್ಷ ಒಂದೇ ಕೆಲಸ. ಮಗ್ಗದಿಂದ ಇಳಿದ ಚಾದರವನ್ನು, ಕೆಳಗಿನಿಂದ ದೀಪ ಹಚ್ಚಿದ ಗಾಜಿನ ಮೇಜಿನ ಮೇಲೆ ಎಳೆಯುತ್ತಾ ಹೋಗುವುದು. ಎಳೆ ತಪ್ಪಿದಲ್ಲಿ, ಗಂಟು ಬಿದ್ದಲ್ಲಿ, ಎಣ್ಣೆಯ ಕಲೆ ಇದ್ದಲ್ಲಿ ಸೂಜಿ ಚುಚ್ಚಿ, ಪಕ್ಕದಲ್ಲೇ ಹೊರಗೆ ತೆಗೆದು, ಕೆಂಪು ದಾರದ ಸಣ್ಣ ಕುಣಿಕೆ ಬಿಡುವುದು. ಮುಂದಿನ ಮೇಜಿನ ಹೆಂಗಸರು ಆ ದಾರ ನೋಡಿ ದೋಷ ತಿದ್ದುತ್ತಾರೆ, ದಾರ ಕಿತ್ತು ಎಸೆಯುತ್ತಾರೆ. ನೇಯ್ದ ಬಟ್ಟೆಯಲ್ಲಿ ಸೂಜಿ ಹೋದ ಜಾಗ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರೆ ಮುಚ್ಚಿಕೊಳ್ಳುತ್ತದೆ. ನನ್ನ ದಾರ ತಪ್ಪಿಸಿಕೊಂಡು ದೋಷದ ಚಾದರ ಒಂದೂ ಹೊರಗೆ ಹೋಗಿಲ್ಲ ಎಂಬ ಜಂಬ ನನಗಿತ್ತು. ಆ ಜಂಬವೂ ಈ ಕೆಟ್ಟ ಕೆಲಸದಲ್ಲಿ ಪಾಲುದಾರ.

ಚಾದರದ ವ್ಯಾಪಾರ ಇಳಿದಾಗ ನಮ್ಮ ಸೇಠ್ ಪಕ್ಕದ ಶೆಡ್ಡಿನಲ್ಲಿ ತಾಡಪತ್ರಿ, ಅಂದರೆ ಟಾರ್ಪಾಲಿನ್, ಮಾಡಲು ಶುರುಮಾಡಿದ. ನಾಯ್ಲಾನ್ ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ತೆಳು ಲೇಪ. ಅಂಚಿಗೆ ಅಂಚು ಅಂಟಿಸುವ ಕೆಲಸ. ಆ ಶೆಡ್ಡಿನ ಮುಖ್ಯ ಕೈ ಸುಶೀಲಾಳದು. ಹೋಟಗಿಯಿಂದ ಬರುತ್ತಿದ್ದಳು, ಮೂವತ್ತೈದರ ಆಸುಪಾಸು, ಗಂಡ ತೀರಿಹೋಗಿದ್ದ, ಎರಡು ಹೆಣ್ಣುಮಕ್ಕಳು. ಅವಳು ಅಂಟು ಹಚ್ಚಿ ಉರುಳೆ ಎಳೆದ ಜೋಡಣೆಯನ್ನು ಇಬ್ಬರು ಆಳುಗಳು ಎದುರುಬದುರು ನಿಂತು ಜಗ್ಗಿದರೂ ಬಿಡುತ್ತಿರಲಿಲ್ಲ.

ಆ ಶೆಡ್ಡಿಗೆ ಪುಣೆಯಿಂದ ದೀಪಕ್ ಎಂಬ ಇಂಜಿನಿಯರ್ ಬಂದ. ಆಳಿಲ್ಲದೆ ಹಾರುವ ಗಾಳಿಹಡಗು ಮಾಡಬೇಕು, ಹನ್ನೊಂದು ಮೀಟರ್ ಉದ್ದ, ಹೊಟ್ಟೆಯ ಕೆಳಗೆ ಕ್ಯಾಮೆರಾ. ಗುರುಪೂರ್ಣಿಮೆಗೆ ಅಕ್ಕಲಕೋಟೆಯಲ್ಲಿ ಸೇರುವ ಜನರ ಮೇಲೆ ಹಗ್ಗಕ್ಕೆ ಕಟ್ಟಿ ನಿಲ್ಲಿಸಬೇಕು ಎಂದು ಗಿರಾಕಿಗಳ ಆರ್ಡರು. ಅವನ ಅಜ್ಜಿಯ ಮನೆ ಅಕ್ಕಲಕೋಟೆ, ಹಾಗಾಗಿ ಕನ್ನಡ ಬರುತ್ತಿತ್ತು. ಚಹಾದ ಹೊತ್ತಿಗೆ ನಮ್ಮ ನಡುವೆ ಕೂತು, ನನ್ನನ್ನು ಮರಾಠಿಯವರಂತೆ ಆಜಿ ಎಂದು ಕರೆಯುತ್ತಾ, ಪಾಠ ಹೇಳುತ್ತಿದ್ದ.

“ಆಜಿ, ಇದಕ ಎಲುಬಿಲ್ಲ. ಒಳಗಿನ ಗ್ಯಾಸೇ ಎಲುಬು. ಹೀಲಿಯಂ ಅಂತ, ಬೆಂಕಿ ಹತ್ತಂಗಿಲ್ಲ, ಗಾಳಿಗಿಂತ ಹಗುರ.”

ಸುಶೀಲಾ ಬಟ್ಟಲು ಕೆಳಗಿಟ್ಟು ಕೇಳಿದಳು: “ಒಳಗ ಗಾಳಿ ತುಂಬಿದ್ರ ಹಾರತದಂದ್ರ ನಮ್ಮ ಸೇಠಜಿ ಯಾವಾಗೋ ಹಾರಬೇಕಿತ್ತಲ್ರೀ?”

“ಅವರೊಳಗ ಇರೋದು ಭಾಳ ಜಡ ಗಾಳಿ,” ಎಂದ ದೀಪಕ್. ಎಲ್ಲರೂ ನಕ್ಕೆವು. ಒಳ್ಳೆಯ ಹುಡುಗನೇ. ಅಷ್ಟು ಒಳ್ಳೆಯವನಾಗಿದ್ದೂ ಬಾಯಿ ಬಿಡಬೇಕಾದ ಕಡೆ ಬಿಡಲಿಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಗಾಳಿಹಡಗಿನ ಬಟ್ಟೆಯ ಉರುಳೆಗಳು ಬಂದ ದಿನ ದೀಪಕ್ ಪುಣೆಯಲ್ಲಿದ್ದ. ಸೇಠ್ ನನ್ನನ್ನು ಚಾದರದ ಶೆಡ್ಡಿನಿಂದ ಕರೆಸಿದ. ಕಾರಖಾನೆಯಲ್ಲಿ ನಾನು ಮಾವಶಿ, ಅಂದರೆ ಚಿಕ್ಕಮ್ಮ. “ಮಾವಶಿ, ಚಾದರ ನೋಡಿದಂಗ ನೋಡಿಬಿಡು. ಒಂದು ಕಲಿ ಸೈತ ಬಿಡಬ್ಯಾಡ.”

“ಸೂಜಿ ಹಾಕಲೇನ್ರೀ ಸೇಠಜಿ?” ಎಂದು ಕೇಳಿದೆ. ಕೇಳಿದೆ, ಇದು ಸತ್ಯ. ಅವನ ಕಿವಿಗೆ ಫೋನ್ ಇತ್ತು. ಹೂಂ ಎಂಬಂತೆ ಗೋಣು ಹಾಕಿದ. ನಾನೂ ಎರಡನೆಯ ಸಲ ಕೇಳಲಿಲ್ಲ. ಈ ಬಟ್ಟೆ ಗ್ಯಾಸ್ ಹಿಡಿಯಬೇಕಾದದ್ದು ಎಂದು ಚಹಾದ ಪಾಠದಲ್ಲಿ ಕೇಳಿದ್ದೆ. ಆದರೆ ಮೇಜಿನ ಮುಂದೆ ನಿಂತಾಗ ಕೈಗೆ ಗೊತ್ತಿದ್ದದ್ದು ಚಾದರ ಮಾತ್ರ. ಎರಡು ದಿನ ನೋಡಿದೆ. ಲೇಪ ತೆಳುವಾದಲ್ಲಿ, ಗೆರೆ ಬಿದ್ದಲ್ಲಿ, ಚುಕ್ಕೆ ಇದ್ದಲ್ಲಿ ದಾರ ಹಾಕಿದೆ. ಒಟ್ಟು ಅರವತ್ತೊಂದು.

ದೀಪಕ್ ಬಂದು ಕೆಂಪು ಕುಣಿಕೆಗಳನ್ನು ನೋಡಿದ. “ಛಾನ್, ಆಜಿ,” ಎಂದು ಮೆಚ್ಚಿದ. ಒಂದು ದಾರವನ್ನೂ ಬೆರಳಿನಿಂದ ಮುಟ್ಟಿ ನೋಡಲಿಲ್ಲ. ಸುಶೀಲಾ ಪ್ರತಿ ಗುರುತಿನ ಮೇಲೂ ಅದೇ ಬಟ್ಟೆಯ ತುಂಡು ಅಂಟಿಸಲು ಹೊರಟಳು. ಹಾಗೆ ಮಾಡಿದ್ದರೆ ನನ್ನ ತೂತುಗಳೂ ಮುಚ್ಚಿ ಹೋಗುತ್ತಿದ್ದವು. ಸೇಠ್ ಬಂದು ತಡೆದ. “ಇದೇನ್ ಕೌದಿ ಹೊಲಿಯಾಕತ್ತೀಯೇನ? ಗಿರಾಕಿ ನೋಡಿದ್ರ ಏನಂದಾರು? ದೊಡ್ಡ ಗೆರಿ ನಾಕಕ್ಕ ಹಚ್ಚು, ಉಳಿದದ್ದು ದಾರ ಕಿತ್ತು ಬಿಡು.”

“ದೀಪಕ್ ಸಾಹೇಬರ್ನ ಒಂದು ಮಾತ ಕೇಳ್ರೀ,” ಎಂದಳು ಅವಳು.

“ಕಾರಖಾನಿ ಸಾಹೇಬಂದೋ ನಂದೋ?”

ದಾರ ಕಿತ್ತರು. ಐವತ್ತೇಳು ಕಡೆ ತೂತು ಹಾಗೇ ಉಳಿಯಿತು.

ಬಟ್ಟೆ ಅಂಟಿಸಿ ಹಡಗಿನ ಚೀಲ ತಯಾರಾಯಿತು. ಗ್ಯಾಸ್ ತುಂಬಿದ ಮರುದಿನ ಮೀಟರಿನ ಮುಳ್ಳು ಇಳಿದಿತ್ತು. ಈ ಕೆಲಸದಲ್ಲಿ ಅದಕ್ಕೊಂದು ಕ್ರಮವಿದೆ: ಚೀಲದ ಮೈಗೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದಲ್ಲಿ ಸೋರಿಕೆ ಎಂದು ಗುರುತಿಸುವುದು. ಒಂದು ದಿನದ ಕೆಲಸ. ಗಿರಾಕಿಗಳಿಗೆ ದಿನ ಕೊಟ್ಟಾಗಿದೆ, ಒಂದು ದಿನವೂ ಇಲ್ಲ ಎಂದ ಸೇಠ್. “ಹೊಸಾ ಬಟ್ಟಿ, ಅಷ್ಟಿಷ್ಟು ಸೋರತದ,” ಎಂದು ದೀಪಕ್ ಇನ್ನಷ್ಟು ಗ್ಯಾಸ್ ತುಂಬಿದ. ತವೆಯ ಮೇಲೆ ಉಬ್ಬಿದ ರೊಟ್ಟಿಗೆ ಒಂದು ಕಡೆ ತೂತಾದರೆ ಎಷ್ಟು ಒಲೆ ಉರಿಸಿದರೂ ಅದು ಕೂತೇಬಿಡುತ್ತದೆ. ಇದು ರೊಟ್ಟಿ ಬಡಿಯುವ ಯಾವ ಹೆಂಗಸಿಗೂ ಗೊತ್ತು. ಇಂಜಿನಿಯರಿಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ಪರೀಕ್ಷೆಗೆ ಬೋರಾಮಣಿಯ ಹತ್ತಿರ ಒಂದು ಬಯಲು ಹೊಲ ಗೊತ್ತುಮಾಡಿದ್ದರು. ಹಗ್ಗ ಹಿಡಿಯಲು ಆಳು ಕಡಿಮೆ ಬಿದ್ದು ಶೆಡ್ಡಿನ ಹೆಂಗಸರನ್ನೇ ಟೆಂಪೋದಲ್ಲಿ ಒಯ್ದರು. ಮಧ್ಯಾಹ್ನದವರೆಗೆ ಚೆನ್ನಾಗಿ ನಿಂತಿತು. ಬಿಳಿ ಎಮ್ಮೆ ಆಕಾಶದಲ್ಲಿ ಮಲಗಿದ ಹಾಗೆ. ಎರಡು ಗಂಟೆಯ ಸುಮಾರಿಗೆ ಪಡುವಣ ಗಾಳಿ ಎದ್ದಿತು. ಅಂಥ ದೊಡ್ಡ ಗಾಳಿಯೇನಲ್ಲ, ನಮ್ಮ ಕಡೆ ಆಷಾಢದಲ್ಲಿ ದಿನಾ ಬೀಸುವಂಥದ್ದೇ. ಹಡಗಿನ ಮೂಗು ಒಳಕ್ಕೆ ಕುಸಿಯಿತು, ಹಣ್ಣಾದ ಟೊಮ್ಯಾಟೊ ಒತ್ತಿದ ಹಾಗೆ. ದೀಪಕ್ “ಇಳಿಸ್ರಿ, ಇಳಿಸ್ರಿ” ಎಂದು ಕೂಗುತ್ತಾ ಹಗ್ಗ ಸುತ್ತುವ ಯಂತ್ರದ ಕಡೆ ಓಡಿದ. ಯಂತ್ರ ಸುತ್ತುವಷ್ಟರಲ್ಲಿ ಹಡಗು ಅಡ್ಡ ತಿರುಗಿ ನಮ್ಮ ಕಡೆಗೇ ಬಂತು.

ಮೂಗಿನ ಹಗ್ಗ ಸುಶೀಲಾಳ ಕೈಯಲ್ಲಿತ್ತು. ಉಳಿದವರೆಲ್ಲ ಬಿಟ್ಟು ಓಡಿದೆವು. ನಾನೂ ಓಡಿದೆ. ಅವಳು ಬಿಡಲಿಲ್ಲ, ಹಿಂದೆ ಟೆಂಪೋದ ನೆರಳಲ್ಲಿ ಹೊಲದವರ ಮಕ್ಕಳು ಕೂತಿದ್ದವು. ಹಗ್ಗ ಅವಳ ಅಂಗೈ ಸುಟ್ಟುಕೊಂಡು ಹೋಯಿತು. ಅವಳು ಹಿಡಿದು ನಿಂತ ಆ ನಾಲ್ಕು ಕ್ಷಣದಲ್ಲಿ ಹಡಗು ಪಕ್ಕಕ್ಕೆ ಹೊರಳಿ ಜಾಲಿ ಗಿಡದ ಮೇಲೆ ಬಿತ್ತು. ಮಕ್ಕಳಿಗೆ ಏನೂ ಆಗಲಿಲ್ಲ. ಚೀಲ ಒಂದು ಜೋಡಣೆಯ ಉದ್ದಕ್ಕೆ ಸೀಳಿತು.

ಎರಡು ದಿನದ ನಂತರ ಅವಳು ಎರಡೂ ಕೈಗೆ ಪಟ್ಟಿ ಕಟ್ಟಿಕೊಂಡು ಕಾರಖಾನೆಗೆ ಬಂದಳು. ಸೇಠ್ ಗೇಟಿನಲ್ಲೇ ಹೇಳಿದ: “ನಿನ್ನ ಜೋಡು ಬಿಟ್ಟದ. ಹಗ್ಗಾನೂ ನೀನೇ ಬಿಟ್ಟಿ. ನಾಳಿಂದ ಬರಬ್ಯಾಡ. ರಿಪೋರ್ಟಿನಾಗ ಹಂಗೇ ಬರದೀವಿ.” ಅವಳು ತಿರುಗಿ ಹೋದಳು. ಆ ವರದಿ ಗಿರಾಕಿಗಳ ಕೈಗೆ ಹೋದರೆ ಎಂಐಡಿಸಿಯ ಯಾವ ತಾಡಪತ್ರಿ ಶೆಡ್ಡಿನಲ್ಲೂ ಅವಳಿಗೆ ಕೆಲಸ ಸಿಗುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ.

ಅದೇ ಮಧ್ಯಾಹ್ನ ದೀಪಕ್ ಸೀಳಿದ ಕಡೆ ಟೇಪ್ ಹಚ್ಚಿ, ಬ್ಲೋವರಿನಿಂದ ಬರೀ ಗಾಳಿ ತುಂಬಿಸಿ, ಮೊದಲೇ ಮಾಡಬೇಕಿದ್ದ ಸೋಪಿನ ಪರೀಕ್ಷೆ ಮಾಡಲು ಹೊರಟ. ಚಿಂದಿ ಅದ್ದಿ ಹಚ್ಚುವ ಕೆಲಸ ನನಗೆ ಬಂತು. ಮುಳ್ಳಿನ ತೂತುಗಳು ಗೊತ್ತಾಗುತ್ತಿದ್ದವು. ಅಡ್ಡಾದಿಡ್ಡಿ, ಹರಿದ ಬಾಯಿ, ದೊಡ್ಡ ಗುಳ್ಳೆ. ಆಮೇಲೆ ಬೇರೆ ಗುಳ್ಳೆ ಕಂಡವು. ಸಾಸಿವೆಯಷ್ಟು ಸಣ್ಣವು. ಎರಡೆರಡು. ಎರಡರ ನಡುವೆ ಒಂದು ಅಕ್ಕಿಕಾಳಿನಷ್ಟು ಅಂತರ. ಇನ್ನೊಂದು ಕಡೆ ಹಚ್ಚಿದೆ, ಅಲ್ಲೂ ಎರಡು. ಮತ್ತೊಂದು ಕಡೆಯೂ ಎರಡು.

ಮುಳ್ಳು ಒಳಗೆ ಹೋಗಿ ಪಕ್ಕದಲ್ಲಿ ಹೊರಗೆ ಬರುವುದಿಲ್ಲ. ಸೂಜಿ ಬರುತ್ತದೆ. ಆ ಅಕ್ಕಿಕಾಳಿನ ಅಂತರ ನನ್ನ ಕೈಯದು. ನನ್ನ ಸಹಿ ಇದ್ದ ಹಾಗೆ. ಚಿಂದಿಯನ್ನು ಬಕೆಟ್ಟಿಗೆ ಎಸೆದು ದೀಪಕ್‌ನನ್ನು ಕರೆದೆ.

“ಇಲ್ಲಿ ಬೆರಳಿಡಪಾ. ಇವು ನನ್ನ ತೂತು.”

ಅವನು ನೋಡಿದ. ಬೆರಳಿಟ್ಟ. “ಆಜಿ, ನಾ ದಾರ ಮ್ಯಾಲಿಂದ ಅಂಟಿಸೀರಿ ಅಂತ ತಿಳ್ಕೊಂಡಿದ್ನಿ.”

“ತಿಳ್ಕೊಂಡಿ. ಮುಟ್ಟಿ ನೋಡಲಿಲ್ಲ. ಇಷ್ಟು ಸಾಲಿ ಕಲ್ತು ಬರೇ ತಿಳ್ಕೊಳ್ಳೋದೇನು?”

ಸೀಳಿದ ಜಾಗವನ್ನೂ ತೋರಿಸು ಎಂದೆ. ಟೇಪ್ ಎತ್ತಿದ. ಅಂಟು ಬಿಟ್ಟಿರಲಿಲ್ಲ. ಅಂಟಿನ ಪಕ್ಕದ ಬಟ್ಟೆ ಹರಿದಿತ್ತು. ಅಂದರೆ ಸುಶೀಲಾಳ ಜೋಡಣೆ ಬಟ್ಟೆಗಿಂತ ಗಟ್ಟಿಯಾಗಿತ್ತು. ಇದು ಇಂಜಿನಿಯರಿಗೆ ಮೊದಲ ದಿನವೇ ಕಾಣಬೇಕಿತ್ತು. ಕಂಡಿತ್ತು ಎಂದು ಆಮೇಲೆ ಒಪ್ಪಿಕೊಂಡ. ಸೇಠ್ ವರದಿ ಬರೆಸಿ ಆಗಿದ್ದರಿಂದ ಸುಮ್ಮನಿದ್ದನಂತೆ. ಆಗ ನನಗೆ ಬಂದ ಸಿಟ್ಟಿಗೆ ಸೋಪಿನ ಬಕೆಟ್ಟನ್ನು ಅವನ ತಲೆಯ ಮೇಲೆ ಹೊಯ್ಯಬೇಕು ಅನ್ನಿಸಿತು. ಮಾಡಲಿಲ್ಲ, ನೀರು ಬೇಕಿತ್ತು.

ಸೇಠ್ ಬಂದ. ಎಲ್ಲ ಕೇಳಿ ಬಾಗಿಲು ಎಳೆದು ಮುಚ್ಚಿದ. “ಮಾವಶಿ, ನಿನಗೇನ್ ಹುಚ್ಚ? ಯಾರೂ ನಿನ್ನ ಹೆಸರ ತಗದಿಲ್ಲ. ನಾಳಿ ಹತ್ತಕ್ಕ ಗಿರಾಕಿ ಬರತಾರ. ಗಪ್ ಕೂಡು.”

“ಆಕಿ ಹೆಸರ ತಗದೀರಲ್ರೀ.”

“ಆಕಿ ಹ್ವಾದ್ರ ಒಬ್ಬಾಕಿ ಹೋಗ್ತಾಳ. ಚೆಕಿಂಗ್ ಖರಾಬ ಅಂತ ಸುದ್ದಿ ಆದ್ರ ಇಡೀ ಕಾರಖಾನಿ ಹೋಗತದ. ನಿನಗ ತಿಳಿಯಂಗಿಲ್ಲ.”

“ನನಗ ತಿಳೀತದ. ಸೂಜಿ ಹಾಕಲೇನು ಅಂತ ಕೇಳಿದ್ನಿ. ಗೋಣು ಹಾಕಿದ್ರಿ. ಆಕಿ ತೇಪಿ ಹಚ್ತೀನಿ ಅಂದ್ಳು. ಕೌದಿ ಅಂದ್ರಿ. ಇಷ್ಟೂ ಮಾತು ರಿಪೋರ್ಟಿನಾಗ ಬರೀರಿ. ಇಲ್ಲಂದ್ರ ನಾ ಬಾಯಿಲೆ ಹೇಳ್ತೀನಿ.”

ದೀಪಕ್ ಟೇಪನ್ನು ಮತ್ತೆ ಅಂಟಿಸಿದ. “ನಾಳಿ ನೋಡೂನು, ಆಜಿ,” ಎಂದ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಬಟ್ಟೆ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಬಟ್ಟೆ ಮುಟ್ಟುವವಳಿಗೆ ಮೇಜಿನ ಮುಂದೆ ನಿಲ್ಲಿಸಿ ಹೇಳಬೇಕು. ಚಹಾದ ಹೊತ್ತಿನ ಕಥೆ ಸಾಲದು. ಹೇಳದಿದ್ದರೆ ಅವಳೇ ಗಂಟಲು ಹರಿಯುವಂತೆ ಕೇಳಬೇಕು. ನಾನು ಒಂದೇ ಸಲ ಕೇಳಿದೆ. ಜೀವಮಾನದ ಅನುಭವ ಎಂದು ಮೆರೆದ ಕೈ, ಕೆಲಸ ಬದಲಾದದ್ದನ್ನು ತಿಳಿಯದೆ, ಹಳೆಯ ದಾರಿಯಲ್ಲೇ ಹೋಯಿತು. ಅದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ. ಅವರಿಬ್ಬರನ್ನೂ ಕ್ಷಮಿಸಿಲ್ಲ. ಅಕ್ಕಲಕೋಟೆಯಲ್ಲಿ ಆ ಚೀಲ ಜನರ ತಲೆಯ ಮೇಲೆ ಮೆತ್ತಗಾಗಿದ್ದರೆ ಏನಾಗುತ್ತಿತ್ತು ಎಂದು ಅವರು ಒಮ್ಮೆಯೂ ನನ್ನೆದುರು ಹೇಳಲಿಲ್ಲ. ಹೇಳಿಸಬೇಕೆಂದೇ ಇದನ್ನು ಬರೆದೆ.

ಮರುದಿನ ಬೆಳಿಗ್ಗೆ ಮೊದಲ ಟಮಟಮ್ ಆಟೋ ಹಿಡಿದು ಹೋಟಗಿಗೆ ಹೋದೆ. ಸುಶೀಲಾಳ ಹಿರಿಯ ಮಗಳು ಅವಳ ಜಡೆ ಹಾಕುತ್ತಿದ್ದಳು. “ನಡಿ,” ಎಂದೆ. “ಎಲ್ಲಿಗಿ ಮಾವಶಿ? ಅವ್ರು ಬರಬ್ಯಾಡ ಅಂದಾರಲ್ಲ,” ಎಂದಳು. “ಅಂದಾರ. ನಾ ಬಾ ಅಂತೀನಿ.” ಗೇಟಿನವನು ಅಡ್ಡ ಬಂದಾಗ ಅವಳ ಮೊಣಕೈ ಹಿಡಿದು ಒಳಗೆ ನಡೆಸಿಕೊಂಡು ಹೋದೆ. ಹತ್ತಕ್ಕೆ ಮೂವರು ಗಿರಾಕಿಗಳು ಬಂದು, ಬ್ಲೋವರಿನಿಂದ ಗಾಳಿ ತುಂಬಿದ್ದ ಚೀಲದ ಸುತ್ತ ನಿಂತರು. ಸೇಠ್ ಫೈಲ್ ತೆರೆಯುವ ಮೊದಲೇ ನಾನು ಚಿಂದಿ ಅದ್ದಿ, ಸುಶೀಲಾಳ ಜೋಡಣೆಯ ಮೇಲೆ ತುದಿಯಿಂದ ತುದಿಗೆ ಎಳೆದೆ. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ನನ್ನ ತೂತುಗಳ ಕಡೆ ಹೊರಳಿ, “ಇವು ನನ್ನ ಸೂಜಿವು,” ಎಂದೆ.